ಪಟ್ಟಿಯಲ್ಲಿ ಹೆಸರು ಕಾಣದೆ ಸಿಟ್ಟಾದ ಪುಟ್ಟಿಗೆ

ಪ್ರೀತಿಯ ಪುಟ್ಟಿ,

ನಿನ್ನ ಉದ್ದದ ಮೆಸೇಜ್ ಓದಿದೆ. ಅಂಡರ್-19 ಕ್ರಿಕೆಟ್ ತಂಡದ ಪಟ್ಟಿಯಲ್ಲಿ ನಿನ್ನ ಹೆಸರಿಲ್ಲ, ನಿನಗಿಂತ ಕಡಿಮೆ ರನ್ ಹೊಡೆದವಳು ಇದ್ದಾಳೆ. "ಎಲ್ಲಾ ಇನ್‌ಫ್ಲುಯೆನ್ಸ್ ದೊಡ್ಡಪ್ಪ, ಇಂಡಿಯಾ ಟೀಮಿಗೂ ಹೀಗೇ ಅಲ್ವಾ?" ಅಂತ ಕೇಳಿದ್ದೀಯ. ಫೋನಿನಲ್ಲಿ ಹೇಳಲು ಹೋದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ಅದಕ್ಕೇ ಬರೆಯುತ್ತಿದ್ದೇನೆ.

ಆಯ್ಕೆ ಸಮಿತಿಯವರು ಕೂತ ಕೂಡಲೇ "ಈ ವರ್ಷ ಜಾಸ್ತಿ ರನ್ ಹೊಡೆದವರು ಯಾರು" ಅಂತ ಶುರು ಮಾಡುವುದಿಲ್ಲ. ಎಲ್ಲಿ ಜಾಗ ಖಾಲಿ ಇದೆ ಅಂತ ನೋಡುತ್ತಾರೆ. ವಿಶ್ವಕಪ್‌ಗೆ ಕಳಿಸುವುದು 15 ಜನರನ್ನು. ಅದರಲ್ಲಿ ಹೆಚ್ಚಿನ ಹೆಸರುಗಳು ಸಭೆಗೆ ಮೊದಲೇ ಗೊತ್ತಿರುತ್ತವೆ. ಚರ್ಚೆಯೆಲ್ಲ ಉಳಿದ ಮೂರು ನಾಲ್ಕು ಜಾಗಕ್ಕೆ. ಎರಡನೇ ವಿಕೆಟ್ ಕೀಪರ್ ಯಾರು? ಆರಂಭಿಕರಲ್ಲಿ ಒಬ್ಬರಿಗೆ ಪೆಟ್ಟಾದರೆ ಯಾರು? ಎಡಗೈ ವೇಗಿ ಬೇಕಾ, ಇನ್ನೊಬ್ಬ ಸ್ಪಿನ್ನರ್ ಬೇಕಾ? ನಿನ್ನ ರನ್ನು ಈ ಪ್ರಶ್ನೆಗಳಲ್ಲಿ ಒಂದಕ್ಕಾದರೂ ಉತ್ತರ ಆಗಬೇಕು. ಇಲ್ಲದಿದ್ದರೆ ರನ್ನು ಲೆಕ್ಕದ ಪುಸ್ತಕದಲ್ಲೇ ಇರುತ್ತದೆ.

ಮಯಾಂಕ್ ಅಗರವಾಲ್ ವಿಷಯ ನೋಡು. 2017ರ ನವೆಂಬರ್ ಒಂದೇ ತಿಂಗಳಲ್ಲಿ ಕರ್ನಾಟಕದ ಪರ ರಣಜಿಯಲ್ಲಿ, ಅಂದರೆ ರಾಜ್ಯ ತಂಡಗಳ ಟೂರ್ನಿಯಲ್ಲಿ, 1003 ರನ್. ಆದರೂ ಟೆಸ್ಟ್ ಆಡಲು ಅವನು ಒಂದು ವರ್ಷಕ್ಕೂ ಹೆಚ್ಚು ಕಾಯಬೇಕಾಯಿತು. ಮಧ್ಯೆ ಒಮ್ಮೆ ತಂಡಕ್ಕೆ ಕರೆದರು, ಆಡಿಸಲಿಲ್ಲ. ಆಸ್ಟ್ರೇಲಿಯಾ ಪ್ರವಾಸದ ಮೊದಲ ಪಟ್ಟಿಯಲ್ಲಿ ಹೆಸರೇ ಇರಲಿಲ್ಲ. ಅಲ್ಲಿ ಆರಂಭಿಕ ಪೃಥ್ವಿ ಶಾ ಕಾಲು ಉಳುಕಿತು, ಆಡುತ್ತಿದ್ದ ಆರಂಭಿಕರು ರನ್ ಗಳಿಸಲಿಲ್ಲ. ಆಗ ಮಯಾಂಕ್‌ಗೆ ಕರೆ ಬಂತು. 2018ರ ಡಿಸೆಂಬರ್ 26, ಮೆಲ್ಬರ್ನ್, ಮೊದಲ ಇನಿಂಗ್ಸ್‌ನಲ್ಲೇ 76. ಆ ಸಾವಿರ ರನ್ನು ಅವನನ್ನು ಬಾಗಿಲ ತನಕ ಮಾತ್ರ ತಂದಿತ್ತು.

ಶೆಫಾಲಿ ವರ್ಮಾ ಕತೆ ನಿನಗೇ ನನಗಿಂತ ಚೆನ್ನಾಗಿ ಗೊತ್ತು. 2025ರ ಮಹಿಳಾ ವಿಶ್ವಕಪ್‌ನ 15 ಜನರಲ್ಲಿ ಇಲ್ಲ, ಮೀಸಲು ಪಟ್ಟಿಯಲ್ಲೂ ಇಲ್ಲ. ಓಪನರ್ ಪ್ರತೀಕಾ ರಾವಲ್ ಗಾಯಗೊಂಡ ಮೇಲೆ ಸೆಮಿಫೈನಲ್‌ಗೆ ಕರೆಸಿದರು. ಫೈನಲ್‌ನಲ್ಲಿ 87 ರನ್, ಎರಡು ವಿಕೆಟ್, ಪಂದ್ಯಶ್ರೇಷ್ಠೆ. ಹಾಗಂತ ಅವಳನ್ನು ಮೊದಲು ಬಿಟ್ಟವರು ಮೂರ್ಖರು ಅಂತ ನಾನು ಹೇಳುವುದಿಲ್ಲ. ಪ್ರತೀಕಾ ಆ ಜಾಗದಲ್ಲಿ ಚೆನ್ನಾಗಿಯೇ ಆಡುತ್ತಿದ್ದಳು. ಫಲಿತಾಂಶ ನೋಡಿಕೊಂಡು ತೀರ್ಪು ಕೊಡುವುದು ಟಿವಿಯಲ್ಲಿ ಕೂತವರಿಗೆ ಸುಲಭ.

ಆ ತಂಡದ ಕೋಚ್ ಅಮೋಲ್ ಮಜುಂದಾರ್. ಪ್ರಥಮ ದರ್ಜೆಯಲ್ಲಿ, ಅಂದರೆ ರಣಜಿಯಂಥ ಹಲವು ದಿನಗಳ ಪಂದ್ಯಗಳಲ್ಲಿ, 11,167 ರನ್ ಗಳಿಸಿದವರು. ಭಾರತಕ್ಕೆ ಒಂದು ಪಂದ್ಯವನ್ನೂ ಆಡಲಿಲ್ಲ. ಅವರ ಕಾಲದಲ್ಲಿ ಮಧ್ಯಮ ಕ್ರಮಾಂಕದಲ್ಲಿ ತೆಂಡೂಲ್ಕರ್, ದ್ರಾವಿಡ್, ಗಂಗೂಲಿ, ಲಕ್ಷ್ಮಣ್ ಇದ್ದರು. ಯಾರನ್ನು ತೆಗೆಯುವುದು ಹೇಳು? ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ತೆಗೆದರು. ಎಡಗೈ ಸ್ಪಿನ್ನರ್, ಅದೇ ಥರದ ಬೌಲರ್ ಬಿಷನ್ ಸಿಂಗ್ ಬೇಡಿ ಭಾರತ ತಂಡದಲ್ಲಿದ್ದ ಕಾಲ. ಟೆಸ್ಟ್ ಟೋಪಿ ಸಿಗಲೇ ಇಲ್ಲ. ಇಲ್ಲಿ ಯಾರದೂ ಮೋಸ ಇಲ್ಲ. ಅದೇ ಹೆಚ್ಚು ನೋವು.

ಇನ್ನು ನಿನ್ನ ಇನ್‌ಫ್ಲುಯೆನ್ಸ್ ಪ್ರಶ್ನೆ. ಸುಮ್ನೆ ಇಲ್ಲ ಅಂದುಬಿಟ್ಟರೆ ನೀನು ನಂಬುವುದಿಲ್ಲ, ನಂಬಲೂ ಬಾರದು. ಭಾರತದಲ್ಲಿ ಬಹಳ ವರ್ಷ ಐದು ವಲಯಕ್ಕೆ ಒಬ್ಬೊಬ್ಬರಂತೆ ಐದು ಆಯ್ಕೆಗಾರರು ಇದ್ದರು. ತಮ್ಮ ವಲಯದ ಹುಡುಗರಿಗೆ ಹಟ ಹಿಡಿಯುತ್ತಾರೆ ಎಂಬ ದೂರು ಯಾವಾಗಲೂ ಇತ್ತು. ಕ್ರಿಕೆಟ್ ಮಂಡಳಿಯನ್ನು ಸುಧಾರಿಸಲು ಸುಪ್ರೀಂ ಕೋರ್ಟ್ ನೇಮಿಸಿದ ಲೋಧಾ ಸಮಿತಿ ಬಂದ ಮೇಲೆ ಆ ನಿಯಮ ಹೋಯಿತು. ಈಗ ಪುರುಷರ ಸಮಿತಿಯಲ್ಲಿ ಕೂರಲು ಏಳು ಟೆಸ್ಟ್ ಅಥವಾ 30 ಪ್ರಥಮ ದರ್ಜೆ ಪಂದ್ಯ ಆಡಿರಬೇಕು, ಇಲ್ಲವೇ ಹತ್ತು ಏಕದಿನ ಮತ್ತು 20 ಪ್ರಥಮ ದರ್ಜೆ ಪಂದ್ಯ. ನಿವೃತ್ತಿಯಾಗಿ ಐದು ವರ್ಷ ಕಳೆದಿರಬೇಕು. ಕ್ಯಾಪ್ಟನ್, ಕೋಚ್ ಅಭಿಪ್ರಾಯ ಹೇಳಬಹುದು, ಮತ ಇಲ್ಲ. ನಮ್ಮ ರೋಜರ್ ಬಿನ್ನಿ ಆಯ್ಕೆಗಾರರಾಗಿದ್ದಾಗ ಮಗ ಸ್ಟುವರ್ಟ್ ಹೆಸರು ಬಂದರೆ ಎದ್ದು ಹೊರಗೆ ಹೋಗುತ್ತಿದ್ದೆ ಅಂತ ಹೇಳಿದ್ದಾರೆ. ಆದರೂ ಕೊನೆಗೆ ಅಲ್ಲಿ ಕೂರುವವರು ಮನುಷ್ಯರೇ. 1971ರಲ್ಲಿ ಅಲ್ಲಿಯ ತನಕ ನಾಯಕರಾಗಿದ್ದ ಪಟೌಡಿಯನ್ನು ಬಿಟ್ಟು ಅಜಿತ್ ವಾಡೇಕರ್ ನಾಯಕರಾದದ್ದು ಆಯ್ಕೆ ಸಮಿತಿ ಅಧ್ಯಕ್ಷ ವಿಜಯ್ ಮರ್ಚೆಂಟರ ಒಂದು ನಿರ್ಣಾಯಕ ಮತದಿಂದ.

ಅನ್ಯಾಯವೂ ಆಗುತ್ತದೆ. ಕರುಣ್ ನಾಯರ್ 2016ರಲ್ಲಿ ಚೆನ್ನೈನಲ್ಲಿ ಅಜೇಯ 303 ಹೊಡೆದ. ಮುಂದಿನ ಟೆಸ್ಟ್‌ಗೇ ಹೊರಗೆ. ಗಾಯದಿಂದ ವಾಪಸಾದ ರಹಾನೆಗೆ ಜಾಗ ಬೇಕಿತ್ತು. ಅದನ್ನು ನಾನು ಒಪ್ಪುತ್ತೇನೆ, ಆ ಜಾಗ ರಹಾನೆಯದೇ. ಆದರೆ 2018ರ ಇಂಗ್ಲೆಂಡ್ ಪ್ರವಾಸದಲ್ಲಿ ಕರುಣ್ ಮೊದಲಿನಿಂದ ತಂಡದ ಜೊತೆಗಿದ್ದ. ಕೊನೆಯ ಟೆಸ್ಟ್ ಸಿಕ್ಕಿದ್ದು ಮಧ್ಯದಲ್ಲಿ ಕರೆಸಿದ ಹನುಮ ವಿಹಾರಿಗೆ. ವಿಹಾರಿ ಚೆನ್ನಾಗಿಯೇ ಆಡಿದ, ಆದರೂ ಅದು ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ. ಇನ್ನೊಂದು ಗಮನಿಸು. ಪ್ರವಾಸಕ್ಕೆ ಆರಿಸಿದ್ದು ಸಮಿತಿ, ಆಡುವ ಹನ್ನೊಂದರಿಂದ ಕೈಬಿಟ್ಟಿದ್ದು ಅಲ್ಲಿದ್ದ ಕ್ಯಾಪ್ಟನ್ ಮತ್ತು ಕೋಚ್. ನಾವು ಎಲ್ಲ ಬೈಗುಳವನ್ನೂ ಸಮಿತಿಗೇ ಕೊಡುತ್ತೇವೆ.

ಕರುಣ್ ಏನು ಮಾಡಿದ? ವಿದರ್ಭಕ್ಕೆ ಹೋದ, 2024-25ರ ವಿಜಯ್ ಹಜಾರೆ ದೇಶೀಯ ಏಕದಿನ ಟೂರ್ನಿಯಲ್ಲಿ 779 ರನ್ ಹೊಡೆದ, ಎಂಟು ವರ್ಷದ ಮೇಲೆ ಮತ್ತೆ ಟೆಸ್ಟ್ ಆಡಿದ. ಅಲ್ಲೂ ಒಂದೇ ಸರಣಿ, ಮತ್ತೆ ಹೊರಗೆ. ಸಿನಿಮಾ ಥರ ಮುಗಿಯಲಿಲ್ಲ.

ರನ್ನನ್ನು ಅವರು ಹೇಗೆ ನೋಡುತ್ತಾರೆ ಅಂತಲೂ ತಿಳಿದುಕೋ. ಎಂಥ ಪಿಚ್, ಎದುರು ಯಾರು ಬೌಲಿಂಗ್ ಮಾಡಿದರು, ತಂಡ 30 ರನ್ನಿಗೆ ನಾಲ್ಕು ವಿಕೆಟ್ ಕಳೆದುಕೊಂಡಿದ್ದಾಗ ಹೊಡೆದದ್ದಾ, 300ಕ್ಕೆ ಎರಡೇ ಹೋಗಿದ್ದಾಗಲಾ. ರಣಜಿಯಲ್ಲೇ 38 ತಂಡಗಳಿವೆ, ಎಲ್ಲರ ನೂರೂ ಒಂದೇ ತೂಕದ್ದಲ್ಲ. ಅದಕ್ಕೇ ರಣಜಿಗಿಂತ ಮೇಲಿನ ಮಟ್ಟದ ದುಲೀಪ್ ಟ್ರೋಫಿ, ಭಾರತದ ಎರಡನೇ ತಂಡವಾದ ಇಂಡಿಯಾ 'ಎ' ಪ್ರವಾಸ ಇರುವುದು. ಜೊತೆಗೆ ಫಿಟ್‌ನೆಸ್. ಓಡುವ ಪರೀಕ್ಷೆಯಲ್ಲಿ ಫೇಲಾದವರಿಗೆ ನೂರರ ಮೇಲೆ ನೂರು ಇದ್ದರೂ ಪ್ರಯೋಜನ ಕಡಿಮೆ.

ಈಗ ನಿನ್ನ ವಿಷಯ. ನೀನು ಓಪನರ್. ನಿಮ್ಮ ತಂಡದಲ್ಲಿ ಈಗಾಗಲೇ ಇಬ್ಬರು ಓಪನರ್ ಇದ್ದಾರೆ, ಇಬ್ಬರೂ ಕಳೆದ ವರ್ಷ ಚೆನ್ನಾಗಿ ಆಡಿದವರು. ಒಳಗೆ ಹೋದ ಆ ಹುಡುಗಿ ಐದನೇ ಸ್ಥಾನದಲ್ಲಿ ಆಡುತ್ತಾಳೆ, ಆಫ್ ಸ್ಪಿನ್ ಹಾಕುತ್ತಾಳೆ ಅಂತ ನೀನೇ ಬರೆದಿದ್ದೀಯ. ಅವಳು ನಿನ್ನ ಜಾಗ ಕಿತ್ತುಕೊಂಡಿಲ್ಲ ಮಾರಾಯ್ತಿ, ಬೇರೆ ಜಾಗಕ್ಕೆ ಹೋಗಿದ್ದಾಳೆ. ಅವಳ ಬಗ್ಗೆ ಇನ್‌ಸ್ಟಾಗ್ರಾಮ್‌ನಲ್ಲಿ ಹಾಕಿದ್ದನ್ನು ಇವತ್ತೇ ತೆಗೆ. ನಾಳೆ ಇಬ್ಬರೂ ಒಂದೇ ಬಸ್ಸಿನಲ್ಲಿ ಕೂರಬೇಕಾಗಬಹುದು.

ಆಯ್ಕೆಗಾರರಿಗೆ ಅಪ್ಪನಿಂದ ಫೋನ್ ಮಾಡಿಸಬೇಡ. ನೀನೇ ಕೋಚ್ ಹತ್ತಿರ ಹೋಗು. "ನನ್ನನ್ನು ಯಾಕೆ ಬಿಟ್ಟಿರಿ" ಅಂತ ಕೇಳಬೇಡ, ಅದಕ್ಕೆ ಯಾರೂ ನಿಜ ಹೇಳುವುದಿಲ್ಲ. "ಮುಂದಿನ ಸೀಸನ್‌ಗೆ ತಂಡದಲ್ಲಿ ಯಾವ ಜಾಗ ಖಾಲಿಯಾಗುತ್ತದೆ, ಅದಕ್ಕೆ ನಾನೇನು ಕಲಿಯಬೇಕು" ಅಂತ ಕೇಳು. ಇಬ್ಬರು ಓಪನರ್‌ಗಳಲ್ಲಿ ಒಬ್ಬಳಿಗೆ ಬರುವ ವರ್ಷ ವಯಸ್ಸು ದಾಟುತ್ತದೆ ಅಂತ ನನ್ನ ಲೆಕ್ಕ, ಸರಿಯಾ ನೋಡು. ಅವರು ಏನಂದರು ಅಂತ ತಪ್ಪದೆ ಬರೆ.

ನಿನ್ನ,
ದೊಡ್ಡಪ್ಪ