ಕೋಳಿಮನೆ ಕೆಲಸದಲ್ಲಿ ಆಗಿರುವ ಲೋಪ ಸರಿಪಡಿಸಿಕೊಡುವ ಬಗ್ಗೆ

ಇವರಿಗೆ,
ವ್ಯವಸ್ಥಾಪಕರು,
ಶೆಡ್ ಮತ್ತು ಫ್ಯಾಬ್ರಿಕೇಷನ್ ವಿಭಾಗ

ಮಾನ್ಯರೇ,

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯ ಹಿತ್ತಲಿನ ಹಳೇ ಶೆಡ್ಡನ್ನು ಕೋಳಿಮನೆ ಮಾಡಿಕೊಡಲು, ಅದರ ಮುಂದೆ ಕೋಳಿಗಳು ಅಡ್ಡಾಡಲು ಜಾಲರಿ ಅಂಗಳ ಕಟ್ಟಿಕೊಡಲು ನಿಮಗೆ ಕೆಲಸ ಒಪ್ಪಿಸಿದ್ದೆವು. ಮೇ ತಿಂಗಳಲ್ಲಿ ಕೆಲಸ ಮುಗಿಯಿತು ಎಂದು ಹೇಳಿ ಪೂರ್ತಿ ಹಣ ಪಡೆದಿರಿ. ಜುಲೈನಲ್ಲಿ, ನಾವೆಲ್ಲ ನಾಟಿಗೆ ಗದ್ದೆಗೆ ಹೋಗಿದ್ದಾಗ, ಹಾಡಹಗಲೇ ಮುಂಗುಸಿ ನುಗ್ಗಿ ನಾಲ್ಕು ಗಿರಿರಾಜ ಹೇಂಟೆಗಳನ್ನು ಕೊಂದುಹಾಕಿತು. ನೀವು ಒಪ್ಪಿಕೊಂಡಿದ್ದ ಜಾಲರಿ ಹಾಕಿದ್ದರೆ ಹೀಗೆ ಆಗುತ್ತಿರಲಿಲ್ಲ.

ನಿಮ್ಮ ಕೊಟೇಷನ್‌ನಲ್ಲೇ ಬರೆದಿದೆ: ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ (ತಂತಿಗಳನ್ನು ಬೆಸೆದ ಗಟ್ಟಿ ಜಾಲರಿ), ಸುತ್ತಲೂ ಒಂದು ಅಡಿ ಮಣ್ಣಿನೊಳಗೆ ಇಳಿಸಬೇಕು. ನೀವು ಹಾಕಿರುವುದು ತೆಳು ತಂತಿಯ, ಆರು ಮೂಲೆ ಕಣ್ಣಿನ ಕೋಳಿಬಲೆ. ಅದು ಕೋಳಿ ಹೊರಗೆ ಹೋಗದಂತೆ ತಡೆಯುತ್ತದೆ, ಅಷ್ಟೇ. ಮುಂಗುಸಿ, ನಾಯಿ, ಕಾಡುಬೆಕ್ಕು ಒಳಗೆ ಬರುವುದನ್ನು ತಡೆಯುವುದಿಲ್ಲ. ಅದನ್ನೂ ಬರೀ ಸ್ಟೇಪ್ಲರ್ ಪಿನ್ನಿನಲ್ಲಿ ಚೌಕಟ್ಟಿಗೆ ಹೊಡೆದಿದ್ದಾರೆ. ಎಡಮೂಲೆಯಲ್ಲಿ ಪಿನ್ನುಗಳು ಕಿತ್ತುಬಂದು, ಅಂಗೈ ಅಗಲದಷ್ಟು ಬಲೆ ಒಳಕ್ಕೆ ಮಡಚಿಕೊಂಡಿದೆ. ಆ ತಂತಿಯ ತುದಿಗೆ ಪುಕ್ಕ ಸಿಕ್ಕಿಕೊಂಡಿತ್ತು. ಮಣ್ಣು ಕೆದಕಿ ನೋಡಿದರೆ ಬಲೆ ನೆಲದ ಮಟ್ಟಕ್ಕೇ ನಿಂತಿದೆ. ಎಲ್ಲದರ ಫೋಟೋ ಇದರ ಜೊತೆ ಇಟ್ಟಿದ್ದೇನೆ.

ಈ ಕೋಳಿಗಳನ್ನು ನಮ್ಮತ್ತೆ ಮರಿಯಿಂದ ಸಾಕಿದ್ದರು. ಮೊಟ್ಟೆ ಮಾರಿ ಬರುವ ದುಡ್ಡೇ ಅವರ ಕೈಖರ್ಚಿಗೆ. ಫೋನ್ ಮಾಡಿದರೆ ನಿಮ್ಮವರು "ಬಲೆ ಅಂದ್ರೆ ಬಲೆನೇ ಮೇಡಂ, ಎಲ್ಲರೂ ಇದನ್ನೇ ಹಾಕಿಸೋದು" ಎಂದರು. ಹಾಗಾದರೆ ಬಿಲ್ಲಿನಲ್ಲಿ ವೆಲ್ಡ್ ಮೆಶ್ ರೇಟು ಯಾಕೆ ಹಾಕಿದಿರಿ?

ಗಾಳಿಯ ವಿಷಯದಲ್ಲಿ ಇನ್ನೂ ಜಾಸ್ತಿ ಬೇಜಾರಾಗಿದೆ. ಹಾರೆ, ಗುದ್ದಲಿ ಇಡುವ ಶೆಡ್ಡಿಗೆ ಗಾಳಿ ಇಲ್ಲದಿದ್ದರೂ ನಡೆಯುತ್ತದೆ. ಕೋಳಿಗೆ ನಡೆಯುವುದಿಲ್ಲ. ಮಳೆಗಾಲದಲ್ಲಂತೂ ಅವು ಹೆಚ್ಚು ಹೊತ್ತು ಒಳಗೇ ಇರುತ್ತವೆ. ಮಾಡಿನ ಕೆಳಗೆ ಎದುರುಬದುರು ಗಾಳಿಕಿಂಡಿ ಬೇಕು ಎಂದು ನಿಮ್ಮ ಮೇಸ್ತ್ರಿಗೆ ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕಿ ತೋರಿಸಿದ್ದೆ. ಇರಚಲು ಹೊಡೆಯುತ್ತದೆ ಎಂದು ಅವರು ಕಿಂಡಿಯನ್ನೇ ಬಿಡಲಿಲ್ಲ. ಶೀಟನ್ನು ಒಂದೂವರೆ ಅಡಿ ಮುಂದಕ್ಕೆ ಚಾಚಿದ್ದರೆ ಇರಚಲಿಗೆ ಸಾಕಾಗುತ್ತಿತ್ತು, ಅಲ್ವಾ?

ಈಗ ಬೆಳಗ್ಗೆ ಬಾಗಿಲು ತೆಗೆದರೆ ಹಿಕ್ಕೆಯ ಅಮೋನಿಯಾ ಘಾಟು ಮುಖಕ್ಕೆ ಹೊಡೆಯುತ್ತದೆ, ಕಣ್ಣುರಿ ಬರುತ್ತದೆ. ಶೀಟಿನ ಒಳಮೈಯಲ್ಲಿ ಹನಿ ಕಟ್ಟಿ ಕೆಳಗೆ ತೊಟ್ಟಿಕ್ಕುತ್ತದೆ. ನೆಲಕ್ಕೆ ಹಾಸಿದ ಭತ್ತದ ಹೊಟ್ಟು ಎಷ್ಟು ಸಲ ಬದಲಿಸಿದರೂ ಮುದ್ದೆಯಾಗುತ್ತದೆ. ಹಸಿ ಹೊಟ್ಟಿನಲ್ಲಿ ರಕ್ತಭೇದಿ ರೋಗ ಹಬ್ಬಿದರೆ ಮರಿಗಳು ಉಳಿಯುವುದು ಕಷ್ಟ. ಎರಡು ಕೋಳಿ ಆಗಲೇ ಗೊರಗೊರ ಅನ್ನುತ್ತಿವೆ. ಪಶು ಡಾಕ್ಟರು ನೋಡಿ, ಔಷಧಿ ಕೊಡುತ್ತೇನೆ, ಆದರೆ ಮೊದಲು ಗಾಳಿ ಬರುವ ಹಾಗೆ ಮಾಡಿಸಿ ಎಂದರು.

ಕೋಳಿ ಕೂರುವ ಅಡ್ಡಗೋಲೂ ಸರಿಯಿಲ್ಲ. ನಾಲ್ಕು ಅಡಿ ಎತ್ತರಕ್ಕೆ ಕಬ್ಬಿಣದ ಪೈಪು ಹಾಕಿದ್ದಾರೆ. ಗಿರಿರಾಜ ನಾಟಿ ಕೋಳಿಗಿಂತ ಭಾರ. ಅಲ್ಲಿಂದ ಸಿಮೆಂಟ್ ನೆಲಕ್ಕೆ ಹಾರಿದರೆ ಕಾಲಿಗೆ ಪೆಟ್ಟಾಗುತ್ತದೆ. ಎರಡು ಅಡಿ ಎತ್ತರದಲ್ಲಿ, ಅಂಚು ನುಣುಪು ಮಾಡಿದ ಮರದ ರೀಪು ಹಾಕಬೇಕು. ಮೊಟ್ಟೆಪೆಟ್ಟಿಗೆಗಳು ಮಾತ್ರ ಗಟ್ಟಿಯಾಗಿ, ಚೆನ್ನಾಗಿ ಬಂದಿವೆ. ಆ ಕೆಲಸ ಮಾಡಿದ ಹುಡುಗನನ್ನೇ ಮತ್ತೆ ಕಳಿಸಿದರೆ ಒಳ್ಳೆಯದು.

ಈ ಪತ್ರ ತಲುಪಿದ 15 ದಿನದೊಳಗೆ ಬಲೆ ತೆಗೆದು ಒಪ್ಪಿದ ವೆಲ್ಡ್ ಮೆಶ್ ಹಾಕಿ, ಗಾಳಿಕಿಂಡಿ ಬಿಡಿಸಿ, ಅಡ್ಡಗೋಲು ಬದಲಿಸಿಕೊಡಿ. ಇದಕ್ಕೆ ಬೇರೆ ಹಣ ಕೊಡುವುದಿಲ್ಲ. ಸತ್ತ ನಾಲ್ಕು ಕೋಳಿಗಳ ಬೆಲೆಯನ್ನೂ ಕೊಡಬೇಕು. ಇಲ್ಲವಾದರೆ 1915 ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಆಯೋಗಕ್ಕೆ ಹೋಗುತ್ತೇವೆ. ಕೊಟೇಷನ್, ಬಿಲ್ಲು, ಹಣ ಕಳಿಸಿದ ರಸೀದಿ ಎಲ್ಲ ನಮ್ಮ ಹತ್ತಿರ ಇವೆ.

ಕೆಲಸಕ್ಕೆ ಬರುವ ಹಿಂದಿನ ದಿನವೇ ಫೋನ್ ಮಾಡಿ. ಕೋಳಿಗಳನ್ನು ಕೊಟ್ಟಿಗೆಗೆ ಸಾಗಿಸಿ, ನೆಲದ ಹೊಟ್ಟನ್ನೆಲ್ಲ ತೆಗೆದಿಡಬೇಕು. ವೆಲ್ಡಿಂಗ್ ಕಿಡಿ ಹಾರಿದರೆ ಬೆಂಕಿ ಹತ್ತುತ್ತದೆ.

ಇಂತಿ,
ನಿಮ್ಮ ಗ್ರಾಹಕಿ