ಆಟವೂ ತಿರುಗಾಟವೂ ಒಂದೇ ದಿನ ಬೇಡ

ಸಂಪಾದಕರಿಗೆ,

ಮಾನ್ಯರೇ,

ಶಾಲೆಗಳಿಗೆ ರಜೆ ಸಿಕ್ಕಿದ ಕೂಡಲೇ ತಮ್ಮ ಜಿಲ್ಲಾ ಪುಟದಲ್ಲಿ ಕುಟುಂಬಗಳ ಸಂತೋಷಕೂಟದ ಪ್ರಕಟಣೆಗಳು ಸಾಲುಗಟ್ಟುತ್ತವೆ. ಕೊಡವ ಒಕ್ಕಗಳಿರಲಿ, ಅರೆಭಾಷೆ ಗೌಡ ಕುಟುಂಬಗಳಿರಲಿ, ಕ್ರಮ ಹೆಚ್ಚುಕಡಿಮೆ ಒಂದೇ: ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರುವುದು, ಹಿರಿಯರ ನೆನಪಿಗೆ ದೀಪ ಹಚ್ಚುವುದು, ಆಟೋಟ, ಊಟ, ಬಹುಮಾನ. ಹೊರಗೆ ಹುಟ್ಟಿ ಬೆಳೆದ ಮಕ್ಕಳಿಗೆ ಊರು ತೋರಿಸುವ ತಿರುಗಾಟವೂ ಈಚೆಗೆ ಇದಕ್ಕೆ ಸೇರಿಕೊಂಡಿದೆ. ಒಳ್ಳೆಯದೇ. ಆದರೆ ಎಲ್ಲವನ್ನೂ ಒಂದೇ ಭಾನುವಾರಕ್ಕೆ ತುರುಕುವವರು ಕೂಟವನ್ನು ತಾವೇ ಕೆಡಿಸುತ್ತಾರೆ. ಬೆಳಿಗ್ಗೆ ತಲಕಾವೇರಿ, ಒಂದು ಗಂಟೆಗೆ ಊಟ, ನಾಲ್ಕಕ್ಕೆ ಹಗ್ಗಜಗ್ಗಾಟ ಎಂದು ಆಮಂತ್ರಣದಲ್ಲಿ ಅಚ್ಚು ಹಾಕಿಸಿದರೆ, ಮೇ ತಿಂಗಳ ಕೊಡಗಿನಲ್ಲಿ ನಾಲ್ಕಕ್ಕೆ ಸರಿಯಾಗಿ ಬರುವುದು ಗುಡುಗೊಂದೇ.

ಮೊದಲು ದಿನ ಗೊತ್ತುಮಾಡುವ ವಿಷಯ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಅವರ ಮುಂದಾಳತ್ವದಲ್ಲಿ ಕರಡದಲ್ಲಿ 60 ಕುಟುಂಬಗಳಿಂದ ಶುರುವಾದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ, 2024ರಲ್ಲಿ ಕುಂಡ್ಯೋಳಂಡ ಕುಟುಂಬ ನಾಪೋಕ್ಲಿನಲ್ಲಿ ನಡೆಸಿದ ಕಪ್ ಹೊತ್ತಿಗೆ 360 ತಂಡಗಳು ಬಂದವು. ಸಾಮಾನ್ಯವಾಗಿ ಮಾರ್ಚ್ ಕೊನೆಯಿಂದ ಏಪ್ರಿಲ್ ಕೊನೆಯವರೆಗೆ, ತಿಂಗಳ ಕಾಲ ನಡೆಯುವ ಪಂದ್ಯಾವಳಿ ಅದು. ನಮ್ಮ ತಂಡ ಮೊದಲ ಸುತ್ತಿನಲ್ಲೇ ಸೋತು ಬರುತ್ತದೆ ಎಂದು ಲೆಕ್ಕ ಹಾಕಿ ಏಪ್ರಿಲ್‌ನಲ್ಲಿ ಕೂಟ ಇಟ್ಟುಕೊಳ್ಳುವುದು ಯಾವ ಒಕ್ಕಕ್ಕೂ ಶೋಭೆಯಲ್ಲ. ಗೌಡ ಕುಟುಂಬಗಳ ಕ್ರಿಕೆಟ್ ಕೂಡ ಇದೇ ಬೇಸಿಗೆಯಲ್ಲಿ. ಮೇ 20 ದಾಟಿದರೆ ಮಳೆಯ ಅಡ್ಡಿ ಹೆಚ್ಚುತ್ತದೆ, ದೂರದವರು ಶಾಲೆಯ ತಯಾರಿಗೆ ಹೊರಟು ನಿಲ್ಲುತ್ತಾರೆ. ಉಳಿಯುವುದು ಮೇ ಮೊದಲ ಎರಡು ವಾರ. ಅದರಲ್ಲೂ ಮದುವೆ ಮುಹೂರ್ತಗಳನ್ನು ಬಿಟ್ಟು, ಊರ ಮುಖ್ಯಸ್ಥರಾದ ತಕ್ಕರನ್ನು ಒಂದು ಮಾತು ಕೇಳಿ ದಿನ ಹಿಡಿಯಬೇಕು. ಊರಹಬ್ಬದ ನೇಮವಾದ ದೇವ ಕಟ್ಟು ಇರುವ ದಿನಗಳಲ್ಲಿ ಹಂದಿ ಮಾಂಸದ ಪಂದಿ ಕರಿಯ ಮಾತೆತ್ತುವ ಹಾಗಿಲ್ಲ. ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೆ ಕೊನೆಯಲ್ಲಿ ತಿಳಿಸುವ ಚಾಳಿಯನ್ನೂ ಬಿಡಬೇಕು. ಅವರ ಗಂಡನ ಮನೆಯ ಕೂಟವೂ ಅದೇ ವಾರ ಇರುತ್ತದೆ.

ಇನ್ನು ಮೈದಾನ. ಕೊಯ್ಲಾದ ಗದ್ದೆಯೇ ಹೆಚ್ಚಿನವರ ಮೈದಾನ. ದೂರದಿಂದ ಸಮತಟ್ಟಾಗಿ ಕಾಣುವ ಈ ಗದ್ದೆಯಲ್ಲಿ ಎರಡು ಅಪಾಯಗಳಿವೆ: ಒಣಗಿ ಗಟ್ಟಿಯಾದ ಕೂಳೆ (ಕೊಯ್ದುಳಿದ ಪೈರಿನ ಬುಡ), ಮತ್ತು ಬಿಸಿಲಿಗೆ ಬಿಟ್ಟ ಬಿರುಕು. ಕಾಲು ಉಳುಕುವುದು ಬಿರುಕಿನಲ್ಲಿ, ಅಂಗಾಲು ಹರಿಯುವುದು ಕೂಳೆಯಿಂದ. ವಾರ ಮೊದಲೇ ಕೂಳೆಯನ್ನು ನೆಲಮಟ್ಟಕ್ಕೆ ಕತ್ತರಿಸಿ, ಬಿರುಕಿಗೆ ಪುಡಿಮಣ್ಣು ತುಂಬಿ, ಹಿಂದಿನ ಸಂಜೆ ತೆಳ್ಳಗೆ ನೀರು ಚಿಮುಕಿಸಿದರೆ ಧೂಳೂ ಏಳುವುದಿಲ್ಲ. ನೀರು ಹೆಚ್ಚಾದರೆ ಬೆಳಿಗ್ಗೆ ಜಾರುತ್ತದೆ. ಗದ್ದೆಯ ಅಂಚಿನ ಏರಿಯಿಂದ ಕನಿಷ್ಠ ಐದು ಮೀಟರ್ ಒಳಗೆ ಗೆರೆ ಹಾಕಬೇಕು. ಓಟದ ಗುರಿ ಮುಟ್ಟಿದ ಮಕ್ಕಳು ಅಲ್ಲೇ ನಿಲ್ಲುವುದಿಲ್ಲ, ಏರಿ ದಾಟಿ ಕೆಳಗದ್ದೆಗೆ ಬೀಳುತ್ತಾರೆ. ಸುಣ್ಣದ ಪುಡಿಯಲ್ಲಿ ಗೆರೆ ಎಳೆಯುವ ಅಭ್ಯಾಸ ಬೇಡ, ಕಣ್ಣಿಗೆ ಬಿದ್ದರೆ ಸುಡುತ್ತದೆ. ಬೂದಿ ಅಥವಾ ಮರದ ಪುಡಿ ಸಾಕು.

ಆಟ ಬೆಳಿಗ್ಗೆ ಎಂಟೂವರೆಗೆ ಶುರುವಾಗಿ ಹನ್ನೊಂದೂವರೆಗೆ ಮುಗಿಯಬೇಕು. ಮೊದಲು ಪುಟ್ಟ ಮಕ್ಕಳದು, ಬೆನ್ನಿಗೇ ಹಿರಿಯರದು. ಬಿಸಿಲು ತಡೆಯದವರು ಇವರಿಬ್ಬರೇ. ನಿಂಬೆಹಣ್ಣು-ಚಮಚ, ಗೋಣಿಚೀಲದ ಓಟ ಯಾವತ್ತಿನ ಹಾಗೆ ನಡೆಯಲಿ. ಕಾಫಿ ತುಂಬಿದ್ದ ಚೀಲವನ್ನು ಮಾತ್ರ ಒಳಮಗ್ಗುಲು ತಿರುವಿ ಚೆನ್ನಾಗಿ ಕೊಡವಿ, ಇಲ್ಲದಿದ್ದರೆ ಅದರ ಧೂಳಿಗೆ ಉಬ್ಬಸವಿರುವ ಮಗು ಅಲ್ಲೇ ಕೂರುತ್ತದೆ. ಗದ್ದೆಯ ಮೇಲೆ ಪ್ಲಾಸ್ಟಿಕ್ ಕುರ್ಚಿ ಇಟ್ಟು ಸಂಗೀತ ಕುರ್ಚಿ ಆಡಿಸುವವರಿಗೆ ಏನು ಹೇಳಬೇಕೋ ತಿಳಿಯದು. ಒಂದು ಕಾಲು ಮಣ್ಣಿಗೆ ಇಳಿದರೆ ಅರುವತ್ತು ವರ್ಷದ ಅತ್ತೆಯ ಸೊಂಟ ಹೋದಂತೆಯೇ. ಅದನ್ನು ಐನ್‌ಮನೆಯ ಅಂಗಳಕ್ಕೆ ಸ್ಥಳಾಂತರಿಸಿ.

ಹಗ್ಗಜಗ್ಗಾಟವನ್ನು ಕೊನೆಗಿಡಿ, ಆದರೆ ಅದನ್ನು ನಿಯಮಬದ್ಧವಾಗಿ ಆಡಿಸಿ. ತಂಡಕ್ಕೆ ಎಂಟು ಜನ. ಅಂತರರಾಷ್ಟ್ರೀಯ ನಿಯಮದಂತೆ ಹಗ್ಗದ ಉದ್ದ 33.5 ಮೀಟರ್‌ಗೆ ಕಡಿಮೆ ಇರಬಾರದು, ಸುತ್ತಳತೆ 10ರಿಂದ 12.5 ಸೆಂಟಿಮೀಟರ್. ನಡುವೆ ಒಂದು ಗುರುತು, ಅದರಿಂದ ಎರಡೂ ಕಡೆ 4 ಮೀಟರ್‌ಗೆ ಒಂದೊಂದು ಗುರುತು; ಎದುರಾಳಿಯನ್ನು ಆ 4 ಮೀಟರ್ ಎಳೆದವರು ಗೆದ್ದರು. ಮರದ ದಿಮ್ಮಿ ಎಳೆಯುವ ನೈಲಾನ್ ಹಗ್ಗವನ್ನು ಲಾರಿಯವರಿಂದ ಎರವಲು ತರುವುದು ಸಾಮಾನ್ಯ. ಅದೇ ದೊಡ್ಡ ತಪ್ಪು. ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ, ತುಂಡಾದರೆ ಅಷ್ಟೇ ಬಿರುಸಾಗಿ ಹಿಂದಕ್ಕೆ ಚಿಮ್ಮಿ ಬಡಿಯುತ್ತದೆ. ಅಷ್ಟೊಂದು ತೆಳುವಾದ ಹಗ್ಗ ಕೈಯಲ್ಲಿ ನಿಲ್ಲದೆ ಜಾರುವುದರಿಂದ ಜನ ಅದನ್ನು ಮುಂಗೈಗೆ ಸುತ್ತಿಕೊಳ್ಳುತ್ತಾರೆ. ಸುತ್ತಿದ ಹಗ್ಗ ಬಿಗಿದಾಗ ಬೆರಳು ತುಂಡಾಗುವುದು ಹೀಗೆ. ದಪ್ಪನೆಯ ಮನಿಲಾ ಹಗ್ಗವನ್ನೇ ತನ್ನಿ, ಗಂಟು, ಕುಣಿಕೆ ಏನೂ ಬೇಡ. ಕೊನೆಯವನೊಬ್ಬನಿಗೆ ಮಾತ್ರ ಹಗ್ಗವನ್ನು ಕಂಕುಳಡಿಯಿಂದ ಬೆನ್ನಿಗೆ ಅಡ್ಡಲಾಗಿ ತಂದು ಇನ್ನೊಂದು ಹೆಗಲ ಮೇಲಿನಿಂದ ಬಿಡಲು ಅವಕಾಶವಿದೆ, ಅವನೂ ಅದನ್ನು ಸೊಂಟಕ್ಕೆ ಕಟ್ಟಿಕೊಳ್ಳುವಂತಿಲ್ಲ. ಗೆದ್ದವರು ಹಗ್ಗವನ್ನು ತಟ್ಟನೆ ಕೈಬಿಡದಂತೆ ಮೊದಲೇ ಹೇಳಿರಬೇಕು. ಸೋತವರು ಒಬ್ಬರ ಮೇಲೊಬ್ಬರು ಬೀಳುವುದು ಆಗಲೇ.

ತಂಡಗಳನ್ನು ಅಣ್ಣ-ತಮ್ಮಂದಿರ ಕವಲಿನ ಪ್ರಕಾರ ಮಾತ್ರ ಮಾಡಬೇಡಿ. ಮೇಲಿನ ಮನೆಯವರು, ಕೆಳಗಿನ ಮನೆಯವರು ಎಂದು ಎದುರುಬದುರು ನಿಲ್ಲಿಸಿದರೆ ಹಗ್ಗದ ಜೊತೆಗೆ ವಂಶಪಾರಂಪರ್ಯವಾಗಿ ಬಂದ ಜಮ್ಮ ಜಾಗದ ಹಳೆಯ ಪಾಲು ಪಂಚಾಯಿತಿಯೂ ಎಳೆದಾಡಲು ಸಿಕ್ಕುತ್ತದೆ. ಬಾಗಿಲಲ್ಲೇ ನಾಲ್ಕು ಬಣ್ಣದ ರಿಬ್ಬನ್ ಚೀಟಿ ಎತ್ತಿಸಿ, ಅದೇ ತಂಡ ದಿನವಿಡೀ ಇರಲಿ. ಅಳಿಯಂದಿರೂ ಸೊಸೆಯಂದಿರೂ ಆಗ ತಾವಾಗಿಯೇ ಬೆರೆಯುತ್ತಾರೆ. ಹಾಕಿ ಆಡಲೇಬೇಕೆಂದಾದರೆ ಐದೈದು ಜನ, ಹತ್ತು ಹತ್ತು ನಿಮಿಷ, ಟೆನಿಸ್ ಚೆಂಡು, ಸ್ಟಿಕ್ ಮೊಣಕಾಲಿಗಿಂತ ಮೇಲೆ ಏಳಬಾರದು. ಗದ್ದೆಯಲ್ಲಿ ಗಟ್ಟಿ ಚೆಂಡು ಯಾವ ಕಡೆ ಪುಟಿಯುತ್ತದೆಂದು ಹೇಳಬಲ್ಲವರು ಯಾರೂ ಇಲ್ಲ.

ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಟ್ಟುಕೊಳ್ಳುವವರು ಅದಕ್ಕೆ ಬೇರೆಯೇ ಜಾಗ, ಬೇರೆಯೇ ಹೊತ್ತು ಗೊತ್ತುಮಾಡಬೇಕು. ಕಾಯಿಯ ಹಿಂದೆ ಎತ್ತರದ ಮಣ್ಣಿನ ಬರೆ ಇರಲೇಬೇಕು. ಕಾಫಿ ತೋಟ ಗುಂಡು ತಡೆಯುವುದಿಲ್ಲ, ಅದರಾಚೆ ತೋಟದ ಕೆಲಸಗಾರರ ಲೈನ್‌ಮನೆಯಿದೆ. ಕೋವಿಗೆ ತೋಟಾ ತುಂಬುವುದು ಗುರಿಗೆರೆಯಲ್ಲಿ ನಿಂತ ಮೇಲೆ ಮಾತ್ರ, ಒಮ್ಮೆಗೆ ಒಬ್ಬರು. ಒಂದು ಗುಟುಕು ಇಳಿಸಿದವರೂ ಕೋವಿ ಮುಟ್ಟಬಾರದು. ಇದು ಊಟಕ್ಕೆ ಮೊದಲೇ ಮುಗಿಯಬೇಕಾದ ಕಾರಣವೂ ಅದೇ.

ಗುಡುಗು ಕೇಳಿಸಿತೆಂದರೆ ಮೈದಾನ ಖಾಲಿ ಮಾಡಿ. ಕೊನೆಯ ಗುಡುಗಾಗಿ ಅರ್ಧ ಗಂಟೆ ಕಳೆಯುವವರೆಗೆ ಯಾರೂ ಇಳಿಯಬಾರದು. ಬಯಲಿನಲ್ಲಿ ಕಬ್ಬಿಣದ ಕಂಬದ ಶಾಮಿಯಾನ ಆಶ್ರಯವಲ್ಲ, ಒಂಟಿ ಮರ ಮೊದಲೇ ಅಲ್ಲ. ಐನ್‌ಮನೆಯ ಒಳಗೆ, ಇಲ್ಲವೇ ಗಾಜು ಏರಿಸಿದ ವಾಹನದೊಳಗೆ. ಗಾಳಿಗೆ ಕೊಂಬೆ ಬಿದ್ದು ಕರೆಂಟ್ ಹೋಗುವುದು ಖಾತ್ರಿ, ಹಾಗಾಗಿ ನೀರಿನ ಟ್ಯಾಂಕ್ ಬೆಳಿಗ್ಗೆಯೇ ತುಂಬಿರಲಿ. ಮೇ ತಿಂಗಳಲ್ಲಿ ಬಾವಿ ತಳ ಕಂಡಿರುತ್ತದೆ. 150 ಜನಕ್ಕೆ ಕುಡಿಯಲು 450 ಲೀಟರ್, ಅಡುಗೆ ಮತ್ತು ಕೈತೊಳೆಯಲು ಒಂದೂವರೆ ಸಾವಿರ ಲೀಟರ್ ಬೇಕು, ಶೌಚಾಲಯದ್ದು ಬೇರೆ.

ಅದೇ 150 ಜನದ ಊಟಕ್ಕೆ ಹಂದಿ ಮಾಂಸ 30 ಕಿಲೋ ಧಾರಾಳ. ಹಬೆಯಲ್ಲಿ ಬೇಯಿಸುವ ಅಕ್ಕಿ ತರಿಯ ಉಂಡೆ ಕಡಂಬುಟ್ಟು ಒಬ್ಬರಿಗೆ ನಾಲ್ಕರಂತೆ 600, ಅಂದರೆ 12-13 ಕಿಲೋ ಅಕ್ಕಿ ತರಿ. ಒಂದು ಸೇರು ತರಿಗೆ ಎರಡು ಸೇರು ನೀರು. ನೀರು ಮರಳುವ ಮೊದಲೇ ತರಿ ಸುರಿದರೆ ಗಂಟು ಕಟ್ಟುತ್ತದೆ, ಹಿಟ್ಟು ಆರಿದ ಮೇಲೆ ಉಂಡೆ ಕಟ್ಟಿದರೆ ಹಬೆಯಲ್ಲಿ ಬಿರಿಯುತ್ತದೆ. 600 ಉಂಡೆ ಕಟ್ಟಲು ಒಂದೇ ಬಾರಿ ಹಿಟ್ಟು ತಿರುವದೆ ಮೂರು ಕಂತು ಮಾಡಿ. ಮಾಂಸಕ್ಕೆ ಹಾಕುವ ಕಪ್ಪು ಹುಳಿರಸ ಕಾಚಂಪುಳಿ ಕೊನೆಯಲ್ಲಿ, ರುಚಿ ನೋಡುತ್ತಾ. ಒಂದು ಮನೆಯ ಬಾಟಲಿಯ ಹುಳಿ ಇನ್ನೊಂದು ಮನೆಯದಕ್ಕಿರುವುದಿಲ್ಲ. ಬಾಡಿಗೆಗೆ ತಂದ ತಾಮ್ರ, ಹಿತ್ತಾಳೆಯ ಪಾತ್ರೆಯ ಕಲಾಯಿ ಹೋಗಿದ್ದರೆ ಅದಕ್ಕೆ ಈ ಹುಳಿ ಸೋಕಲೇಬಾರದು. ಒಲೆ ಹೂಡುವ ಮುನ್ನ ತಲೆಯೆತ್ತಿ ಮರ ನೋಡಿ. ಹೆಜ್ಜೇನು ಕಟ್ಟಿದ ಮರದಡಿ ಹೊಗೆ ಎದ್ದರೆ ಆಮೇಲೆ ಕೂಟವಿಲ್ಲ.

ತಿರುಗಾಟ ಮರುದಿನಕ್ಕೆ. ಒಂದು ಕಡೆಗೆ ಹೊರಟು ಎರಡೇ ಜಾಗ ನೋಡಿ ಊಟದ ಹೊತ್ತಿಗೆ ಹಿಂತಿರುಗುವುದು ಸರಿ. ನಾಲ್ಕುನಾಡಿನವರಾದರೆ ಪಾಡಿ ಇಗ್ಗುತಪ್ಪ, ಕಕ್ಕಬ್ಬೆಯ ಅರಮನೆ. ದೊಡ್ಡವೀರರಾಜೇಂದ್ರ 1792ರಲ್ಲಿ ಕಟ್ಟಿಸಿದ ಈ ಮನೆಯ ಗೋಡೆಚಿತ್ರ, ಮರಗೆಲಸ ನೋಡಲು ಮುಕ್ಕಾಲು ಗಂಟೆ ಬೇಕು. 1748 ಮೀಟರ್ ಎತ್ತರದ ತಡಿಯಂಡಮೋಳ್ ಅಲ್ಲಿಂದಲೇ ಏರುವುದು ಹೌದು, ಆದರೆ ಅದು ಅಜ್ಜ, ಅಜ್ಜಿಯರ ಕೂಟಕ್ಕೆ ಸಲ್ಲದು. ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿಯೂ ಬೇಕು, ಕಾಡ್ಗಿಚ್ಚಿನ ಭಯಕ್ಕೆ ಬೇಸಿಗೆಯಲ್ಲಿ ದಾರಿ ಮುಚ್ಚುವುದೂ ಉಂಟು. ಮಡಿಕೇರಿ ಸುತ್ತಿನವರಿಗೆ ಕೋಟೆ, 1820ರ ಓಂಕಾರೇಶ್ವರ ದೇವಸ್ಥಾನ, ರಾಜರ ಸಮಾಧಿಗಳಿರುವ ಗದ್ದಿಗೆ, ಜನರಲ್ ತಿಮ್ಮಯ್ಯ ಹುಟ್ಟಿದ ‘ಸನ್ನಿಸೈಡ್’ ಮನೆಯ ವಸ್ತುಸಂಗ್ರಹಾಲಯ ಎಲ್ಲವೂ ಕೂಗಳತೆಯಲ್ಲಿವೆ. ವಾರದ ರಜೆ ಯಾವತ್ತೆಂದು ಮೊದಲೇ ವಿಚಾರಿಸಿ. ರಾಜಾಸೀಟಿಗೆ ಶನಿವಾರ, ಭಾನುವಾರದ ಸಂಜೆ ಹೋದರೆ ಕಾಣುವುದು ಬೇರೆಯವರ ಬೆನ್ನು. ಭಾಗಮಂಡಲದಿಂದ ತಲಕಾವೇರಿಗೆ 8 ಕಿಲೋಮೀಟರ್ ತಿರುವುದಾರಿ. ವಾಂತಿ ಮಾಡುವ ಮಕ್ಕಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ತಿಂಡಿ ಲಘುವಾಗಿರಲಿ. ಮಾಂದಲಪಟ್ಟಿಗೆ ಜೀಪ್ ಬೇಕು, ಒಂದಕ್ಕೆ ಆರು ಜನ. 150 ಜನಕ್ಕೆ 25 ಜೀಪ್. ಬೇಡ.

ದೊಡ್ಡ ಬಸ್ ಒಂದರ ಬದಲು 20-25 ಸೀಟಿನ ಮಿನಿಬಸ್ಸುಗಳನ್ನು ಹಿಡಿಯಿರಿ. ಒಳದಾರಿಗಳಲ್ಲಿ ಎದುರಿನಿಂದ ಜೀಪ್ ಬಂದರೆ ದೊಡ್ಡ ಬಸ್ಸಿಗೆ ಹಿಂದೆ ಸರಿಯಲೂ ಜಾಗವಿಲ್ಲ. ಪ್ರತಿ ವಾಹನದ ಹೆಸರುಪಟ್ಟಿ ಕಾಗದದಲ್ಲಿ ಒಬ್ಬರ ಕೈಯಲ್ಲಿರಲಿ, ಮೊಬೈಲ್ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ. ಕತ್ತಲಾಗುವ ಮೊದಲೇ ಮನೆ ಸೇರಿ. ತೋಟದ ದಾರಿಗೆ ಆನೆ ಇಳಿಯುವ ಹೊತ್ತದು.

ನೀರಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಚೇಲಾವರ ಜಲಪಾತದ ಗುಂಡಿಯಲ್ಲಿ ಈಗಾಗಲೇ ಜೀವಗಳು ಹೋಗಿವೆ. ಬೇಸಿಗೆಯಲ್ಲಿ ಧಾರೆ ಸಣ್ಣಗಾದಾಗಲೇ ಜನ ಧೈರ್ಯದಿಂದ ಕೆಳಗಿಳಿಯುತ್ತಾರೆ, ಗುಂಡಿಯ ಆಳವೇನೂ ಕಡಿಮೆಯಾಗಿರುವುದಿಲ್ಲ. ಇರ್ಪು ಜಲಪಾತದಲ್ಲಿ ಮೇಲಿನ ಬ್ರಹ್ಮಗಿರಿ ಕಾಡಿನಲ್ಲಿ ಮಳೆ ಸುರಿದರೆ ಕೆಳಗೆ ಬಿಸಿಲಿದ್ದಾಗಲೂ ನೀರು ಏರಬಹುದು. ನೀರು ಕೆಂಪಾದರೆ ಮೇಲೆ ಬನ್ನಿ. ದುಬಾರೆಯಲ್ಲಿ ಕಾವೇರಿ ಹೊಳೆಯನ್ನು ಬಂಡೆಯಿಂದ ಬಂಡೆಗೆ ದಾಟುವ ಕಡೆ ಪಾಚಿಯಿದೆ, ಮಗುವನ್ನು ಎತ್ತಿಕೊಂಡು ದಾಟಬಾರದು. ಈಜು ಬಲ್ಲವರಿಬ್ಬರನ್ನು ದಡದಲ್ಲಿ ಒಣಬಟ್ಟೆಯಲ್ಲೇ ನಿಲ್ಲಿಸಿ, ಮನೆಯ ಹಗ್ಗವೊಂದು ಜೊತೆಗಿರಲಿ.

ತಮ್ಮಲ್ಲಿ ಒಂದು ಕೋರಿಕೆ. ಹಾಕಿ, ಕ್ರಿಕೆಟ್ ಪಂದ್ಯಾವಳಿಗಳ ವೇಳಾಪಟ್ಟಿ ಮತ್ತು ಊರಹಬ್ಬಗಳ ದಿನಗಳು ಗೊತ್ತಾಗುತ್ತಿದ್ದಂತೆ ಫೆಬ್ರವರಿ, ಮಾರ್ಚ್‌ನಲ್ಲೇ ಒಂದು ಕಡೆ ಪ್ರಕಟಿಸಿ. ಸಂತೋಷಕೂಟದ ಪ್ರಕಟಣೆಗಳನ್ನೂ ಆ ಹೊತ್ತಿಗೇ ಕರೆದು ಅದರ ಪಕ್ಕ ಹಾಕಿದರೆ, ಮೇ ತಿಂಗಳ ಒಂದೇ ಭಾನುವಾರಕ್ಕೆ ಅಣ್ಣನ ಮನೆಯ ಕೂಟವೂ ಭಾವನ ಮನೆಯ ಕೂಟವೂ ಬೀಳುವುದು ತಪ್ಪುತ್ತದೆ.

ಇಂತಿ,
ಐನ್‌ಮನೆ ಕೂಟಗಳ ಸಿದ್ಧತೆ ನೋಡಿಕೊಳ್ಳುವ ಓದುಗರು,
ನಾಲ್ಕುನಾಡು, ಕೊಡಗು