ಮತ್ತೆ ಮೈದಾನಕ್ಕೆ ಇಳಿದ ಮೇಲೆ

ಮೊಣಕಾಲಿನ ಗಾಯದಿಂದ ತಿಂಗಳುಗಟ್ಟಲೆ ಹೊರಗುಳಿದಿದ್ದ ನಾನು, ಕಳೆದ ಭಾನುವಾರ ನಾರ್ವೆಯಲ್ಲಿ ನಮ್ಮ ತಂಡದ ಫುಟ್‌ಬಾಲ್ ಪಂದ್ಯದ ಕೊನೆಯ ಹೊತ್ತಿನಲ್ಲಿ ಬದಲಿ ಆಟಗಾರನಾಗಿ ಮತ್ತೆ ಮೈದಾನಕ್ಕೆ ಇಳಿದೆ. ಸುದ್ದಿ ತಿಳಿದು ಬೆಂಗಳೂರಿನ ಗೌತಮಪುರದಿಂದ, ಆಸ್ಟಿನ್ ಟೌನಿನಿಂದ, ಓಸ್ಲೋದಲ್ಲಿರುವ ಕನ್ನಡಿಗರಿಂದ ಬಂದ ಸಂದೇಶಗಳಿಗೆ ಒಬ್ಬೊಬ್ಬರಿಗೂ ಬೇರೆಬೇರೆಯಾಗಿ ಉತ್ತರಿಸಲು ಆಗದಿರುವುದರಿಂದ ಈ ಬರಹವನ್ನು ಬರೆಯುತ್ತಿದ್ದೇನೆ. ಮೊಣಕಾಲಿಗೆ ಏನಾಯಿತು, ಶಸ್ತ್ರಚಿಕಿತ್ಸೆಯಲ್ಲಿ ಏನು ಮಾಡಿದರು ಎಂಬುದು ನಿಮಗೆಲ್ಲ ಗೊತ್ತಿದೆ. ಆ ಕಾಲದಲ್ಲಿ ನನ್ನ ಪಕ್ಕದಲ್ಲಿ ಯಾರಿದ್ದರು ಎಂಬುದು ಬಹಳ ಜನರಿಗೆ ಗೊತ್ತಿಲ್ಲ.

ಹೊರದೇಶದಲ್ಲಿ ಫುಟ್‌ಬಾಲನ್ನೇ ವೃತ್ತಿಯಾಗಿಸಿಕೊಂಡ ಭಾರತೀಯರು ಇಂದಿಗೂ ಬೆರಳೆಣಿಕೆಯಷ್ಟು. 1936ರಲ್ಲಿ ಬರಿಗಾಲಿಗೆ ಬ್ಯಾಂಡೇಜು ಸುತ್ತಿಕೊಂಡು ಗ್ಲಾಸ್ಗೋದ ಸೆಲ್ಟಿಕ್ ತಂಡಕ್ಕೆ ಆಡಿದ ಕಲ್ಕತ್ತದ ಮೊಹಮ್ಮದ್ ಸಲೀಂ, ಅಷ್ಟೊಂದು ಮೆಚ್ಚುಗೆ ದೊರೆತರೂ ಊರಿನ ಹಂಬಲ ತಡೆಯಲಾರದೆ ಹಿಂತಿರುಗಿದರು. 2009ರಲ್ಲಿ ಸುನಿಲ್ ಛೆಟ್ರಿ ಅವರಿಗೆ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ ಒಪ್ಪಂದ ಕೊಡಲು ಸಿದ್ಧವಿದ್ದರೂ, ಭಾರತ ವಿಶ್ವ ರ‍್ಯಾಂಕಿಂಗಿನ ಮೊದಲ 70 ಸ್ಥಾನಗಳೊಳಗೆ ಇಲ್ಲವೆಂಬ ಕಾರಣಕ್ಕೆ ಕೆಲಸದ ಪರವಾನಗಿ ಸಿಗಲಿಲ್ಲ. ನಾರ್ವೆಗೂ ಒಂದು ದಾರಿಯಿದೆ ಎಂದು ನನ್ನಂಥವರಿಗೆ ತೋರಿಸಿದವರು 2014ರಲ್ಲಿ ಇಲ್ಲಿನ ಸ್ಟಾಬೆಕ್ ಕ್ಲಬ್ ಸೇರಿದ ಗುರ್‌ಪ್ರೀತ್ ಸಿಂಗ್ ಸಂಧು. ಅವರು 2016ರಲ್ಲಿ ಯೂರೋಪಿನ ಕ್ಲಬ್ಬುಗಳ ಟೂರ್ನಿಯಾದ ಯೂರೋಪಾ ಲೀಗಿನ ಅರ್ಹತಾ ಪಂದ್ಯದಲ್ಲಿ ಗೋಲು ಕಾದು, ಮರುವರ್ಷ ನಮ್ಮ ಬೆಂಗಳೂರು ಎಫ್‌ಸಿಗೆ ಬಂದರು. ನಾನು ಅವರನ್ನು ಭೇಟಿಯಾಗಿಲ್ಲ. ಆದರೂ ನನ್ನ ಕೃತಜ್ಞತೆಯಲ್ಲಿ ಅವರಿಗೂ ಪಾಲಿದೆ.

ಶಸ್ತ್ರಚಿಕಿತ್ಸೆ ಮಾಡಿದ ವೈದ್ಯರಿಗೆ, ತಿಂಗಳುಗಟ್ಟಲೆ ನನ್ನ ಕಾಲನ್ನು ಮಡಿಸಿ ಬಿಡಿಸಿದ ಫಿಸಿಯೋಗೆ, ಆಟಕ್ಕೆ ಬಾರದ ಆಟಗಾರನ ಒಪ್ಪಂದವನ್ನು ನವೀಕರಿಸಿದ ಕ್ಲಬ್ಬಿನ ಹಿರಿಯರಿಗೆ, ಸಾರಿನ ಪುಡಿ ಮತ್ತು ಅವಲಕ್ಕಿಯನ್ನು ಅಂಚೆಯಲ್ಲಿ ಕಳಿಸುತ್ತಲೇ ಇದ್ದ ಓಸ್ಲೋದ ಕನ್ನಡ ಕುಟುಂಬಕ್ಕೆ, ಅಶೋಕನಗರದ ಕ್ರೀಡಾಂಗಣದಲ್ಲಿ ನನ್ನನ್ನು ತಿದ್ದಿದ ಕೋಚ್‌ಗೆ, ಅಮ್ಮನಿಗೆ ಮತ್ತು ಅಕ್ಕನಿಗೆ ನಾನು ಋಣಿ. ಒಪ್ಪಂದದ ನವೀಕರಣ ಎಷ್ಟು ದೊಡ್ಡದೆಂಬುದನ್ನು ಇಲ್ಲಿ ಹೇಳಲೇಬೇಕು: ಈ ದೇಶದಲ್ಲಿ ಉಳಿಯಲು ನನಗಿರುವ ಅನುಮತಿ ಆ ಒಪ್ಪಂದದ ಮೇಲೆಯೇ ನಿಂತಿದೆ, ಮತ್ತು ಗಾಯದ ಸುದ್ದಿ ಹೊರಬಿದ್ದ ವಾರದಲ್ಲೇ ನನ್ನ ಏಜೆಂಟ್ ಫೋನ್ ಎತ್ತುವುದನ್ನು ನಿಲ್ಲಿಸಿದ್ದರು.

ಇನ್ನು ಬರೆಯುವುದೆಲ್ಲ ಒಬ್ಬರ ಕುರಿತು. ಅವರು ನಮ್ಮ ತಂಡದ ಕಿಟ್, ಅಂದರೆ ಆಟದ ಬಟ್ಟೆ, ಚೆಂಡು ಮೊದಲಾದವನ್ನು ನೋಡಿಕೊಳ್ಳುವ ಹಿರಿಯರು. ತಮ್ಮ ಹೆಸರು ಹಾಕಬಾರದೆಂದು ಅವರೇ ಕೇಳಿಕೊಂಡಿದ್ದಾರೆ.

ನಾನಿರುವ ಟ್ರೊಮ್ಸೊ, ಆರ್ಕ್ಟಿಕ್ ವೃತ್ತದಿಂದಲೂ ಉತ್ತರಕ್ಕಿರುವ ಪಟ್ಟಣ. ನವೆಂಬರ್ ಕೊನೆಯಿಂದ ಜನವರಿಯ ಮಧ್ಯದವರೆಗೆ ಇಲ್ಲಿ ಸೂರ್ಯ ಹುಟ್ಟುವುದಿಲ್ಲ. ನನ್ನ ಶಸ್ತ್ರಚಿಕಿತ್ಸೆ ಆದದ್ದು ಆ ಕತ್ತಲೆಯ ದಿನಗಳಲ್ಲಿ, ಡಿಸೆಂಬರಿನಲ್ಲಿ. ಆಸ್ಪತ್ರೆಯಿಂದ ಮನೆಗೆ ಬಂದ ಮರುದಿನವೇ ಬೆಂಗಳೂರಿನಲ್ಲಿ ಅಪ್ಪನಿಗೆ ಹೃದಯಾಘಾತವಾಯಿತು. ರಕ್ತ ಹೆಪ್ಪುಗಟ್ಟುವ ಅಪಾಯವಿರುವುದರಿಂದ ದೂರದ ವಿಮಾನ ಪ್ರಯಾಣ ಸಾಧ್ಯವೇ ಇಲ್ಲವೆಂದು ವೈದ್ಯರು ಖಂಡಿತವಾಗಿ ಹೇಳಿದರು. ಒಗೆದ ಬಟ್ಟೆಗಳನ್ನು ಕೊಟ್ಟುಹೋಗಲು ಸಂಜೆ ಬಂದಿದ್ದ ಆ ಹಿರಿಯರು ನನ್ನ ಮುಖ ನೋಡಿ, ಏನನ್ನೂ ಕೇಳದೆ ಕೋಟು ಕಳಚಿ ಕುರ್ಚಿಗೆ ಹಾಕಿದರು.

ಮೊಣಕಾಲಿನ ಕೆಳಗೆ ದಿಂಬು ಇಡಬಾರದು, ಹಿಮ್ಮಡಿಯ ಕೆಳಗೆ ಮಾತ್ರ ಇಡಬೇಕು, ಇಲ್ಲವಾದರೆ ಕಾಲು ಪೂರ್ತಿ ನೇರವಾಗುವುದಿಲ್ಲ ಎಂದು ನರ್ಸ್ ಹೇಳಿ ಕಳಿಸಿದ್ದರು. ಆ ಹಿರಿಯರು ತಂಡದ ಟವೆಲುಗಳನ್ನು ಬಿಗಿಯಾಗಿ ಸುತ್ತಿ ಹಿಮ್ಮಡಿಯ ಕೆಳಗಿಟ್ಟರು. ಐಸ್ ಮುಗಿದಾಗ ಬಾಲ್ಕನಿಯ ಬಾಗಿಲು ತೆರೆದು, ಕಂಬಿಯ ಮೇಲೆ ಕುಳಿತಿದ್ದ ಹಿಮವನ್ನು ಚೀಲಕ್ಕೆ ತುಂಬಿ, ಬಟ್ಟೆಯಲ್ಲಿ ಸುತ್ತಿ ಮೊಣಕಾಲಿನ ಮೇಲಿಟ್ಟರು; ಅದು ಕರಗಿದಂತೆಲ್ಲ ಮತ್ತೆ ತುಂಬಿದರು. ಎಲ್ಲ ಸರಿಹೋಗುತ್ತದೆ ಎಂಬ ಮಾತನ್ನು ಅವರು ಒಮ್ಮೆಯೂ ಆಡಲಿಲ್ಲ. ಅಪ್ಪ ಯಾವ ಸ್ಥಾನದಲ್ಲಿ ಆಡುತ್ತಿದ್ದರು ಎಂದು ಕೇಳಿದರು.

ಆಗ ನಾನು ಹೇಳುತ್ತಾ ಹೋದೆ. ಎಚ್‌ಎಎಲ್, ಐಟಿಐ ಮೊದಲಾದ ಕಾರ್ಖಾನೆಗಳು ಆಟಗಾರರಿಗೆ ನೌಕರಿ ಕೊಟ್ಟು ತಂಡ ಕಟ್ಟುತ್ತಿದ್ದ ಬೆಂಗಳೂರನ್ನು, ಪಾಳಿ ಮುಗಿಸಿ ನೇರ ಮೈದಾನಕ್ಕೆ ಹೋಗುತ್ತಿದ್ದ ಅಪ್ಪನನ್ನು, ನಮ್ಮ ಗೌತಮಪುರದಲ್ಲಿರುವ ಪೆಲೆಯ ಪ್ರತಿಮೆಯನ್ನು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಭಾರತದ ಮೊದಲ ಒಲಿಂಪಿಕ್ ಗೋಲು ಹೊಡೆದ ಸಾರಂಗಪಾಣಿ ರಾಮನ್ ನಮ್ಮ ಬೆಂಗಳೂರಿನವರೆಂದು ಅಪ್ಪ ನನಗೆ ಹೇಳುತ್ತಿದ್ದ ಹೆಮ್ಮೆಯಲ್ಲೇ ಹೇಳಿದೆ. 2023ರ ಮಾರ್ಚ್ 4ರಂದು ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಬಳಿಕ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಅಪ್ಪ ಫೋನಿನಲ್ಲಿ ಮಾತು ಹೊರಡದೆ ಅತ್ತಿದ್ದನ್ನೂ ಹೇಳಿದೆ.

ಅಕ್ಕನ ಕರೆ ಬಂದಾಗ ಇಲ್ಲಿ ನಡುರಾತ್ರಿ ಕಳೆದಿತ್ತು, ಬೆಂಗಳೂರಿನಲ್ಲಿ ಬೆಳಗಾಗಿತ್ತು. ಅಪ್ಪ ಹೋಗಿದ್ದರು. ಮಧ್ಯಾಹ್ನ ವಿಲ್ಸನ್ ಗಾರ್ಡನ್ ಚಿತಾಗಾರದಲ್ಲಿ ಚಿಕ್ಕಪ್ಪನ ಮಗ ನನ್ನ ಬದಲು ಕಾರ್ಯ ಮಾಡಿದ. ಅಷ್ಟು ಹೊತ್ತೂ ಆ ಹಿರಿಯರು ನನ್ನ ಕಣ್ಣೆದುರು ಫೋನ್ ಹಿಡಿದು ನಿಂತಿದ್ದರು. ಕೈ ನಡುಗತೊಡಗಿದಾಗ ಇನ್ನೊಂದು ಕೈಗೆ ಬದಲಿಸುತ್ತಿದ್ದರೇ ಹೊರತು ಫೋನನ್ನು ಕೆಳಗಿಡಲಿಲ್ಲ. ಪಕ್ಕದಲ್ಲಿ ಯಾರಾದರೂ ಇದ್ದಾರೇನಪ್ಪ ಎಂದು ಅಮ್ಮ ಕೇಳಿದಾಗ ಫೋನನ್ನು ಅವರತ್ತ ತಿರುಗಿಸಿದೆ. ಅಮ್ಮ ಕೈಮುಗಿದರು. ಅವರೂ ತಲೆತಗ್ಗಿಸಿ ಕೈಮುಗಿದರು.

ಅಪ್ಪನ ಶವಕ್ಕೆ ಹೆಗಲು ಕೊಡಲಾಗದ ಮಗನಿಗೆ ಯಾವ ಒಪ್ಪಂದ, ಯಾವ ಲೀಗ್ ಎಂದು ಅನೇಕ ವಾರ ಅನಿಸುತ್ತಿತ್ತು. ಚೆಂಡನ್ನು ನೋಡಿದರೆ ಕೋಪ ಬರುತ್ತಿತ್ತು. ಈ ಬರಹ ಬರೆಯುವಾಗಲೂ ಆ ಮಾತು ಪೂರ್ತಿ ಹೋಗಿದೆ ಎಂದು ಹೇಳಲಾರೆ.

ಊರುಗೋಲಿನಲ್ಲಿ ನಡೆಯಲು ಬಂದೊಡನೆ ಆ ಹಿರಿಯರು ನನ್ನನ್ನು ಕಿಟ್ ಕೋಣೆಗೆ ಕರೆದೊಯ್ದು, ಕಾಲು ಚಾಚಿ ಕೂರಲು ಎರಡು ಸ್ಟೂಲು ಹಾಕಿ, ಚೆಂಡುಗಳಿಗೆ ಗಾಳಿ ತುಂಬುವ ಕೆಲಸ ಕೊಟ್ಟರು. ಚೆಂಡಿನ ಒತ್ತಡ 0.6ರಿಂದ 1.1 ಬಾರ್ ನಡುವೆ ಇರಬೇಕೆಂಬುದು ಆಟದ ನಿಯಮ. ಬೆಚ್ಚಗಿನ ಕೋಣೆಯಲ್ಲಿ ಸರಿಯಾಗಿ ತುಂಬಿದ ಚೆಂಡು ಹೊರಗಿನ ಚಳಿಗೆ ಮೆತ್ತಗಾಗುವುದರಿಂದ, ಅವನ್ನು ಹೊರಗಿಟ್ಟು, ಮತ್ತೆ ಅಳೆದು, ಮತ್ತೆ ತುಂಬಬೇಕಾಗುತ್ತಿತ್ತು. ಚಳಿಗಾಲವಿಡೀ ಆ ಕೆಲಸ ಮಾಡಿದೆ. ಕೆಲಸ ಕೊಟ್ಟದ್ದು ಕರುಣೆಯಿಂದಲೋ, ನಿಜವಾಗಿಯೂ ಒಬ್ಬರು ಬೇಕಾಗಿದ್ದರೋ, ನಾನು ಕೇಳಲಿಲ್ಲ. ಗಾಳಿ ತುಂಬಿದ ಚೆಂಡೊಂದನ್ನು ಒಂದು ದಿನ ನಾನಾಗಿಯೇ ಎಡಗಾಲಿನಿಂದ ಗೋಡೆಗೆ ತಟ್ಟಿದೆ. ಅವರು ನೋಡಿದರು, ಸುಮ್ಮನೆ ತಮ್ಮ ಕೆಲಸ ಮುಂದುವರಿಸಿದರು.

ಅವರಿಗೆ ಕನ್ನಡ ಬರುವುದಿಲ್ಲ. ಈ ಬರಹವನ್ನು ನಾನೇ ಅವರೆದುರು ಕುಳಿತು ಅವರ ಭಾಷೆಯಲ್ಲಿ ಹೇಳುತ್ತೇನೆ. ನಾರ್ವೆಯ ಲೀಗ್ ಇನ್ನು ಕೆಲವೇ ಪಂದ್ಯಗಳಲ್ಲಿ ಮುಗಿಯುತ್ತದೆ. ಡಿಸೆಂಬರಿನಲ್ಲಿ ಅಪ್ಪನ ವರ್ಷಾಬ್ದಿಕಕ್ಕೆ ಊರಿಗೆ ಬರುತ್ತೇನೆ, ಅವರೂ ಬರುತ್ತಿದ್ದಾರೆ. ಅಮ್ಮ ಅವರಿಗಾಗಿ ಈಗಲೇ ಮಹಡಿಯ ಕೋಣೆ ಖಾಲಿ ಮಾಡಿಸಿದ್ದಾರೆ. ಅವರನ್ನು ನೋಡಬೇಕೆನ್ನುವವರು ಗೌತಮಪುರದ ಮನೆಗೆ ಯಾವ ಸಂಜೆಯಾದರೂ ಬನ್ನಿ.